ಸೇರು ಹಿಡಿದ ಕೈ: ಬಂದರಿನ ದಕ್ಷತೆಯ ಮಾಪನಗಳು ಮತ್ತು ಕರಾವಳಿಯ ಜನಪದ ವಿವೇಕ

ಬಂದರು ಎಂಬುದು ಮೂಲತಃ ಅಳತೆಯ ಸ್ಥಳ. ಹಡಗಿನ ಸರಕು ನೆಲಕ್ಕೆ ಇಳಿಯುವಾಗ, ನೆಲದ ಸರಕು ಹಡಗಿಗೆ ಏರುವಾಗ ಅದನ್ನು ಎಣಿಸಬೇಕು, ತೂಗಬೇಕು, ಅಳೆಯಬೇಕು. ಸುಂಕ, ಬಾಡಿಗೆ, ಕೂಲಿ ಇವೆಲ್ಲ ಆ ಅಳತೆಯಿಂದಲೇ ಹುಟ್ಟುತ್ತವೆ. ಕಳೆದ ಅರ್ಧ ಶತಮಾನದಲ್ಲಿ ಇದಕ್ಕೆ ಇನ್ನೊಂದು ಬಗೆಯ ಅಳತೆ ಸೇರಿಕೊಂಡಿದೆ. ಸರಕನ್ನು ಅಳೆಯುತ್ತಿದ್ದ ಬಂದರನ್ನೇ ಈಗ ಅಳೆಯಲಾಗುತ್ತಿದೆ. ಹಡಗು ಎಷ್ಟು ಗಂಟೆ ಕಾಯಿತು, ಒಂದು ಗಂಟೆಗೆ ಎಷ್ಟು ಟನ್ ಇಳಿಯಿತು, ಕಟ್ಟೆ ಎಷ್ಟು ಹೊತ್ತು ಬರಿದಾಗಿತ್ತು ಎಂಬ ಅಂಕಿಗಳಿಂದ ಬಂದರಿನ ದಕ್ಷತೆಯನ್ನು ನಿರ್ಣಯಿಸಿ, ಆ ದಕ್ಷತೆಯಿಂದ ನಾಡಿನ ಆರ್ಥಿಕತೆಗೆ ಆಗುವ ಲಾಭವನ್ನು ಲೆಕ್ಕಹಾಕುವ ಶಾಸ್ತ್ರವೇ ಬೆಳೆದುನಿಂತಿದೆ.

ಜಾನಪದ ಅಧ್ಯಯನವು ಈ ಶಾಸ್ತ್ರದ ಕಡೆಗೆ ತಿರುಗಿ ನೋಡಿದ್ದು ಕಡಿಮೆ. ಕರಾವಳಿಯ ಜಾನಪದವನ್ನು ಕುರಿತ ಬರೆಹಗಳಲ್ಲಿ ಬಂದರು ಬಹುಮಟ್ಟಿಗೆ ಪಾಡ್ದನದ ಹಿನ್ನೆಲೆಯಾಗಿ, ಅಂಬಿಗರ ಹಾಡಿನ ಆವರಣವಾಗಿ ಬಂದುಹೋಗುತ್ತದೆ. ಬಂದರಿನ ಲೆಕ್ಕವು ಅರ್ಥಶಾಸ್ತ್ರಕ್ಕೆ, ಹಾಡು ಜಾನಪದಕ್ಕೆ ಎಂಬ ಪಾಲುಪಟ್ಟಿಯನ್ನು ಎರಡೂ ಕಡೆಯವರು ಒಪ್ಪಿಕೊಂಡಂತಿದೆ. ಆದರೆ ಅಳತೆಯೂ ಒಂದು ಸಾಂಸ್ಕೃತಿಕ ನಿರ್ಮಿತಿ. ಏನನ್ನು ಅಳೆಯಬೇಕು, ಯಾವುದನ್ನು ಬಿಡಬೇಕು, ಅಳೆಯುವವರು ಯಾರು ಎಂಬುದನ್ನು ಸಮಾಜದ ಸಂಬಂಧಗಳು ನಿರ್ಧರಿಸುತ್ತವೆ. ಈ ನೆಲೆಯಿಂದ ಬಂದರಿನ ದಕ್ಷತೆಯ ಮಾಪನಗಳನ್ನು, ಮಂಗಳೂರು ಕರಾವಳಿಯ ನಿದರ್ಶನದೊಡನೆ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ದಕ್ಷತೆಯ ಮಾಪನಗಳು

ಬಂದರಿನ ಕಾರ್ಯನಿರ್ವಹಣೆಯ ಸೂಚಕಗಳನ್ನು ವ್ಯವಸ್ಥಿತವಾಗಿ ಪಟ್ಟಿಮಾಡಿದ ಮೊದಲ ಪ್ರಯತ್ನಗಳಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನವು 1976ರಲ್ಲಿ ಪ್ರಕಟಿಸಿದ ವರದಿ ಮುಖ್ಯವಾದುದು. ಹಡಗು ಕಾಯುವ ಅವಧಿ, ಕಟ್ಟೆಯಲ್ಲಿ ಸೇವೆ ಪಡೆಯುವ ಅವಧಿ, ಬಂದು ಹೊರಡುವವರೆಗಿನ ಒಟ್ಟು ಅವಧಿ, ಹಡಗು ಬಂದರಿನಲ್ಲಿದ್ದ ಪ್ರತಿ ಗಂಟೆಗೆ ನಿರ್ವಹಿಸಿದ ಟನ್, ಕೆಲಸಗಾರರ ಒಂದು ಗ್ಯಾಂಗು ಗಂಟೆಗೆ ಸಾಗಿಸಿದ ಟನ್, ಗ್ಯಾಂಗುಗಳು ಸುಮ್ಮನೆ ಕುಳಿತ ಕಾಲದ ಪ್ರಮಾಣ ಇವು ಅದರಲ್ಲಿವೆ. ಮುಂದೆ 1978ರಲ್ಲಿ ಚಾರ್ನ್ಸ್, ಕೂಪರ್ ಮತ್ತು ರೋಡ್ಸ್ ಎಂಬ ವಿದ್ವಾಂಸರು ಡೇಟಾ ಎನ್ವೆಲಪ್‌ಮೆಂಟ್ ಅನಾಲಿಸಿಸ್ ಎಂಬ ಗಣಿತ ವಿಧಾನವನ್ನು ರೂಪಿಸಿದರು. ಹೂಡಿದ ಬಂಡವಾಳ, ಶ್ರಮ, ಸೌಕರ್ಯಗಳಿಗೆ ಪ್ರತಿಯಾಗಿ ಯಾವ ಘಟಕ ಅತಿಹೆಚ್ಚು ಫಲ ಕೊಡುತ್ತದೆಯೋ ಅದನ್ನು ಗಡಿರೇಖೆಯಾಗಿಟ್ಟುಕೊಂಡು, ಉಳಿದವು ಅದರಿಂದ ಎಷ್ಟು ದೂರದಲ್ಲಿವೆ ಎಂದು ಕಂಡುಹಿಡಿಯುವ ವಿಧಾನವಿದು. 1993ರಲ್ಲಿ ರೋಲ್ ಮತ್ತು ಹಾಯುತ್ ಇದನ್ನು ಬಂದರುಗಳಿಗೆ ಅನ್ವಯಿಸಿ ತೋರಿಸಿದ ಮೇಲೆ ಈ ಮಾರ್ಗದ ಅಧ್ಯಯನಗಳು ಹೇರಳವಾಗಿ ಬಂದವು.

ವಿಶ್ವಬ್ಯಾಂಕು 2021ರಿಂದ ಪ್ರಕಟಿಸತೊಡಗಿದ ಕಂಟೇನರ್ ಬಂದರುಗಳ ಸೂಚ್ಯಂಕವು ಎಲ್ಲವನ್ನೂ ಕಾಲಕ್ಕೆ ಇಳಿಸಿದೆ. ಹಡಗು ಬಂದರಿನ ಎಲ್ಲೆಯೊಳಗೆ ಬಂದ ಕ್ಷಣದಿಂದ ಸರಕಿನ ಕೆಲಸ ಮುಗಿಸಿ ಕಟ್ಟೆ ಬಿಡುವವರೆಗಿನ ಗಂಟೆಗಳೇ ಅದರ ಆಧಾರ. 2022ರಲ್ಲಿ 115ನೆಯ ಸ್ಥಾನದಲ್ಲಿದ್ದ ವಿಶಾಖಪಟ್ಟಣವು 2023ರ ಪಟ್ಟಿಯಲ್ಲಿ 19ನೆಯ ಸ್ಥಾನಕ್ಕೇರಿದ ಸಂಗತಿಗೆ ದೇಶದಲ್ಲಿ ದೊಡ್ಡ ಪ್ರಚಾರ ದೊರೆಯಿತು. ಅದೇ ಬ್ಯಾಂಕಿನ 2023ರ ಸರಕುಸಾಗಣೆ ಸೂಚ್ಯಂಕದಲ್ಲಿ ಭಾರತ 38ನೆಯ ಸ್ಥಾನ ಪಡೆಯಿತು. ಭಾರತದ ಬಂದರುಗಳಲ್ಲಿ ಹಡಗು ಬಂದು ಹೊರಡುವ ಸರಾಸರಿ ಅವಧಿ 0.9 ದಿನವೆಂದೂ ಸಿಂಗಾಪುರದಲ್ಲಿ ಅದು 1.0 ದಿನವೆಂದೂ ಲೆಕ್ಕ ದೊರೆತಿದೆ.

ಈ ಮಾಪನಗಳ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. 1956ರ ಏಪ್ರಿಲ್ 26ರಂದು ಐಡಿಯಲ್ ಎಕ್ಸ್ ಎಂಬ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಾಗ, ಬಿಡಿ ಸರಕನ್ನು ತುಂಬಲು ಟನ್ನಿಗೆ 5.86 ಡಾಲರ್ ತಗಲುತ್ತಿದ್ದ ವೆಚ್ಚವು 16 ಸೆಂಟಿಗಿಂತ ಕೆಳಗಿಳಿಯಿತು. ಕ್ಲಾರ್ಕ್, ಡಾಲರ್ ಮತ್ತು ಮಿಕ್ಕೊ ಅವರ 2004ರ ಅಧ್ಯಯನವು, ದಕ್ಷತೆಯ ಕ್ರಮದಲ್ಲಿ ಕೆಳಗಿನ ಕಾಲುಭಾಗದ ಅಂಚಿನಲ್ಲಿರುವ ಬಂದರು ಮೇಲಿನ ಕಾಲುಭಾಗದ ಅಂಚಿಗೆ ಏರಿದರೆ ಹಡಗುಸಾಗಣೆಯ ವೆಚ್ಚ ಶೇಕಡಾ 12ರಷ್ಟು ಇಳಿಯುವುದೆಂದು ತೋರಿಸಿತು. ಕಾಫಿ ಬೆಳೆಗಾರನಿಗೂ ಗೇರುಬೀಜದ ಕಾರ್ಖಾನೆಗೂ ಈ ಇಳಿಕೆ ಸಣ್ಣ ಸಂಗತಿಯಲ್ಲ. ಆದರೆ ಆ ಅಧ್ಯಯನವು ಬಂದರಿನ ದಕ್ಷತೆಗೆ ಬಳಸಿದ ಆಧಾರವನ್ನು ಗಮನಿಸಬೇಕು. ಜಾಗತಿಕ ಸ್ಪರ್ಧಾತ್ಮಕತೆಯ ವರದಿಗಾಗಿ ಉದ್ಯಮಿಗಳು ತಮ್ಮ ದೇಶದ ಬಂದರಿಗೆ ಒಂದರಿಂದ ಏಳರವರೆಗೆ ಕೊಟ್ಟ ಅಂಕವೇ ಅಲ್ಲಿನ ಆಧಾರ. ಅಂದರೆ ನಿಖರವೆನಿಸುವ ಶೇಕಡಾವಾರಿನ ತಳದಲ್ಲಿರುವುದು ಒಂದು ವರ್ಗದ ಅಭಿಪ್ರಾಯ. ಅಭಿಪ್ರಾಯವೆಂಬ ಕಾರಣಕ್ಕೆ ಅದು ತಪ್ಪಾಗುವುದಿಲ್ಲ. ಆದರೆ ಬಂದರಿನ ಬಗ್ಗೆ ಅಭಿಪ್ರಾಯವುಳ್ಳ ಇತರರನ್ನು ಯಾರೂ ಕೇಳಲಿಲ್ಲ ಎಂಬುದು ಉಳಿಯುತ್ತದೆ.

ಮೇಲಿನ ಎಲ್ಲ ಸೂಚಕಗಳಲ್ಲಿ ಸಮಾನವಾಗಿ ಕಾಣುವ ಅಂಶವೆಂದರೆ ಅವುಗಳ ದೃಷ್ಟಿಕೋನ. ಕಾಯುವುದು ಹಡಗು, ನಷ್ಟವಾಗುವುದು ಹಡಗಿನ ಕಾಲ. ಕೆಲಸಗಾರನು ಪಟ್ಟಿಯಲ್ಲಿ ಬರುವುದು ಗ್ಯಾಂಗಿನ ಭಾಗವಾಗಿ, ಅದೂ ಎಷ್ಟು ಹೊತ್ತು ಸುಮ್ಮನಿದ್ದ ಎಂಬ ಲೆಕ್ಕದಲ್ಲಿ. ಬಂದರಿನ ಹೊರಗೆ ನಿಂತ ಲಾರಿಯ ಚಾಲಕ ಕಾದದ್ದು, ಕಟ್ಟೆಗಾಗಿ ನೆಲ ಬಿಟ್ಟವರು ಪರಿಹಾರಕ್ಕೆ ಕಾದದ್ದು ಈ ಕಾಲಗಣನೆಗೆ ಸೇರುವುದಿಲ್ಲ.

ಮುಡಿ, ಸೇರು ಮತ್ತು ಪೆಟ್ಟಿಗೆ

ಇಪ್ಪತ್ತು ಅಡಿ ಉದ್ದದ ಪೆಟ್ಟಿಗೆಯು ಇಂದು ಏಕಕಾಲಕ್ಕೆ ಸರಕಿನ ಹೊದಿಕೆಯೂ ಹೌದು, ಸರಕಿನ ಏಕಮಾನವೂ ಹೌದು. ಬಂದರಿನ ಸಾಮರ್ಥ್ಯವನ್ನು ಟಿಇಯು ಲೆಕ್ಕದಲ್ಲಿ ಹೇಳುವುದರ ಅರ್ಥ ಇದೇ. ಹೊದಿಕೆಯೇ ಅಳತೆಯಾಗುವ ಈ ಕ್ರಮ ಕನ್ನಡ ಮತ್ತು ತುಳು ಕರಾವಳಿಗೆ ಹೊಸತಲ್ಲ. ಬೈಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿ ಮುಡಿಯು ಇದೇ ಬಗೆಯ ನಿರ್ಮಿತಿ. ದಕ್ಷಿಣ ಕನ್ನಡದ ಹಳೆಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಅಂದರೆ 42 ಸೇರು. ಮುಡಿಯು ಅಕ್ಕಿಯನ್ನು ಹುಳುವಿನಿಂದ ಕಾಯುತ್ತಿತ್ತು, ಹೊರಲು ಅನುಕೂಲವಾಗಿತ್ತು, ಎಣಿಸಿದರೆ ಸಾಕಾಗುತ್ತಿತ್ತು. ಗದ್ದೆಯಂಗಳದಿಂದ ದೋಣಿಗೆ, ದೋಣಿಯಿಂದ ಮಂಜಿಗೆ ಸಾಗುವಾಗ ಅದನ್ನು ಬಿಚ್ಚಬೇಕಾಗಿರಲಿಲ್ಲ. ಕಾರ್ಖಾನೆಯ ಬಾಗಿಲಲ್ಲಿ ಮುಚ್ಚಿದ ಪೆಟ್ಟಿಗೆ ಸಾವಿರಾರು ಮೈಲಿ ದೂರದಲ್ಲಿ ತೆರೆಯುವುದರ ತತ್ತ್ವವೂ ಇಷ್ಟೇ. ದಕ್ಷತೆ ಎಂಬುದು ಯಂತ್ರಯುಗದ ಆವಿಷ್ಕಾರ, ಜನಪದರಿಗೆ ಅದರ ಅರಿವಿರಲಿಲ್ಲ ಎಂಬ ಸಾಮಾನ್ಯ ಗ್ರಹಿಕೆಯನ್ನು ಮುಡಿಯ ನಿದರ್ಶನವೊಂದೇ ಸಡಿಲಗೊಳಿಸುತ್ತದೆ.

ಆದರೆ ಮುಡಿಯ ಒಳಗಿನ ಸೇರಿಗೆ ಇನ್ನೊಂದು ಚರಿತ್ರೆಯಿದೆ. ಸೇರು ಊರಿಂದೂರಿಗೆ ಬೇರೆಯಾಗುತ್ತಿತ್ತು. ಗೇಣಿ ಅಳೆದುಕೊಳ್ಳುವ ಸೇರು ದೊಡ್ಡದು, ಕಡ ಕೊಡುವ ಸೇರು ಚಿಕ್ಕದು ಎಂಬ ದೂರು ಒಕ್ಕಲು ಕುಟುಂಬಗಳ ನೆನಪಿನಲ್ಲಿ ಉಳಿದುಬಂದಿದೆ. ಸೇರಿನ ಕಂಠಕ್ಕೆ ಸರಿಯಾಗಿ ಒರೆಸಿ ಅಳೆಯುವುದಕ್ಕೂ ರಾಶಿಯೇರಿಸಿ ಅಳೆಯುವುದಕ್ಕೂ ಇದ್ದ ವ್ಯತ್ಯಾಸವು ಒಂದು ಕುಟುಂಬದ ಮಳೆಗಾಲದ ಊಟವನ್ನು ನಿರ್ಧರಿಸಬಲ್ಲದಾಗಿತ್ತು. ಹೀಗಾಗಿ ಜನಪದ ಪ್ರಜ್ಞೆಯು ಅಳತೆಯನ್ನು ನಿರ್ಲಿಪ್ತ ಸಂಖ್ಯೆಯೆಂದು ಎಂದೂ ನಂಬಲಿಲ್ಲ. ಎಷ್ಟು ಸೇರು ಎಂಬ ಪ್ರಶ್ನೆಯ ಜೊತೆಗೇ ಯಾರ ಸೇರು ಎಂಬ ಪ್ರಶ್ನೆಯೂ ಇರುತ್ತಿತ್ತು.

ಕಡಲ ವ್ಯಾಪಾರದಲ್ಲಿಯೂ ಈ ಪ್ರಶ್ನೆ ಎದುರಾಗುತ್ತದೆ. ಅಮೀನಿ, ಕಡ್ಮತ್, ಕಿಲ್ತಾನ್, ಚೆತ್ಲತ್ ಮುಂತಾದ ಅಮೀನ್‌ದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಬ್ರಿಟಿಷ್ ಆಡಳಿತವು ಅಲ್ಲಿನ ತೆಂಗಿನ ನಾರಿನ ಮೇಲೆ ಏಕಸ್ವಾಮ್ಯವನ್ನು ಉಳಿಸಿಕೊಂಡಿತ್ತು. ದ್ವೀಪದವರು ಹುರಿಯನ್ನು ಮಂಗಳೂರಿಗೆ ತಂದು, ಸರ್ಕಾರ ನಿಗದಿಪಡಿಸಿದ ದರದಲ್ಲಿ ಅಕ್ಕಿಯನ್ನು ಪಡೆಯಬೇಕಾಗಿತ್ತು. ಹುರಿಯ ತೂಕ, ಅಕ್ಕಿಯ ಅಳತೆ, ಅವೆರಡರ ನಡುವಿನ ದರ ಮೂರೂ ಕಟ್ಟೆಯ ಮೇಲಿದ್ದವರ ಕೈಯಲ್ಲಿದ್ದವು. ಈ ವಿನಿಮಯವನ್ನು ಎಷ್ಟು ಚುರುಕಾಗಿ ಮುಗಿಸಿದರೂ ದ್ವೀಪದವನ ಪಾಲು ಹೆಚ್ಚುತ್ತಿರಲಿಲ್ಲ. ಕಟ್ಟೆಯ ವೇಗಕ್ಕೂ ಕಟ್ಟೆಯ ನ್ಯಾಯಕ್ಕೂ ನೇರ ಸಂಬಂಧವಿಲ್ಲ ಎಂಬುದಕ್ಕೆ ಇದು ಈ ಕರಾವಳಿಯ ಚರಿತ್ರೆಯೇ ಒದಗಿಸುವ ಸಾಕ್ಷ್ಯ.

ಇನ್ನೂ ಹಿಂದಕ್ಕೆ ಹೋದರೆ, ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲಸಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಪತ್ರವ್ಯವಹಾರ ದೊರೆಯುತ್ತದೆ. ಕೈರೋದ ಗೆನಿಜಾ ಸಂಗ್ರಹದಲ್ಲಿ ಉಳಿದುಬಂದ ಈ ಪತ್ರಗಳಲ್ಲಿ, ಏಲಕ್ಕಿಗಾಗಿ ಮುಂಗಡ ಪಡೆದ ಸ್ಥಳೀಯ ವ್ಯಾಪಾರಿಯೊಬ್ಬ ಸರಕು ಒಪ್ಪಿಸದೆ ಹೋದ ಪ್ರಸಂಗ ಮತ್ತೆ ಮತ್ತೆ ಬರುತ್ತದೆ. ಏಡನ್ನಿನ ಪಾಲುದಾರರಿಗೆ ಅದು ಕೇವಲ ವಿಳಂಬವಾಗಿರಲಿಲ್ಲ. ವಿಳಂಬವು ವಿಶ್ವಾಸದ ಪ್ರಶ್ನೆಯಾಗಿತ್ತು, ಅದನ್ನು ಹೊರಬೇಕಾದವರು ಯಾರು ಎಂಬ ಚರ್ಚೆಯಾಗಿತ್ತು. ಕಾಯುವಿಕೆಗೆ ಎರಡು ದಡಗಳಲ್ಲಿಯೂ ಹೊಣೆಗಾರರಿದ್ದರು.

ಪಣಂಬೂರಿನ ನಿದರ್ಶನ

ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳು ಸೇರುವ ಅಳಿವೆಯ ಒಳಗಿದೆ. ಅಳಿವೆಯ ಮರಳು ವರ್ಷವರ್ಷವೂ ಸರಿಯುತ್ತಿದ್ದುದರಿಂದ ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕಿ, ಸರಕು ದೋಣಿಗಳಲ್ಲಿ ಸಾಗಬೇಕಾಗಿತ್ತು. ಮಳೆಗಾಲದಲ್ಲಿ ಬಂದರು ಮುಚ್ಚುತ್ತಿತ್ತು. ಪತ್ತನಾಜೆಗೆ ಕೋಲ, ಆಟಗಳು ನಿಲ್ಲುವುದು, ನೂಲಹುಣ್ಣಿಮೆಗೆ ಕಡಲಿಗೆ ಹಾಲೆರೆದು ಮತ್ತೆ ದೋಣಿ ಇಳಿಸುವುದು ಈ ಋತುಮಾನದ ಪಂಚಾಂಗದ ಎರಡು ತುದಿಗಳು. ಆ ಪಂಚಾಂಗದಲ್ಲಿ ಮಳೆಗಾಲದ ನಿಲುಗಡೆಯು ನಷ್ಟದ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಬಲೆ ನೇಯುವ, ದೋಣಿ ದುರಸ್ತಿಯ, ಮೀನು ಮರಿಮಾಡುವ ಕಾಲವಾಗಿ ಅದಕ್ಕೆ ತನ್ನದೇ ಕೆಲಸವಿತ್ತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯನ್ನು ನಿಷೇಧಿಸುವ ಇಂದಿನ ಸರ್ಕಾರಿ ನಿಯಮವು ಆ ಹಳೆಯ ವಿರಾಮವನ್ನು ಶಾಸನದ ಭಾಷೆಯಲ್ಲಿ ಒಪ್ಪಿಕೊಂಡಿದೆ.

ಸರ್ವಋತು ಬಂದರಿನ ಬೇಡಿಕೆಯು ಪಣಂಬೂರಿನಲ್ಲಿ ಈಡೇರಿತು. 1962ರಲ್ಲಿ ಕಾಮಗಾರಿ ಆರಂಭವಾಗಿ, 1974ರ ಮೇ 4ರಂದು ನವಮಂಗಳೂರು ಬಂದರು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಕಾಫಿಯ ರಫ್ತಿಗೆ, ರಸಗೊಬ್ಬರಕ್ಕೆ, ಕಚ್ಚಾತೈಲ ಮತ್ತು ಅಡುಗೆ ಅನಿಲದ ಆಮದಿಗೆ ಅದು ನಾಡಿನ ಹೆಬ್ಬಾಗಿಲಾಯಿತು. 2023-24ರಲ್ಲಿ ಅದು ನಿರ್ವಹಿಸಿದ ಸರಕು 4.5 ಕೋಟಿ ಟನ್ ಮೀರಿತು. ಕರ್ನಾಟಕದ ಆರ್ಥಿಕ ಬೆಳವಣಿಗೆಯಲ್ಲಿ ಈ ಬಂದರಿನ ಪಾತ್ರ ನಿರ್ವಿವಾದವಾದುದು.

ಆದರೆ ಕುದುರೆಮುಖದ ಪ್ರಕರಣವು ದಕ್ಷತೆಯ ಅಂಕಿಗಳನ್ನು ಎಚ್ಚರದಿಂದ ಓದಬೇಕೆಂದು ಕಲಿಸುತ್ತದೆ. ಕುದುರೆಮುಖದ ಗಣಿಯಿಂದ ಅದಿರನ್ನು ನೀರಿನೊಡನೆ ಬೆರೆಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಬಂದರಿಗೆ ಹರಿಸಿ, ಯಂತ್ರಗಳಿಂದ ಹಡಗಿಗೆ ತುಂಬುವ ವ್ಯವಸ್ಥೆ ಅಲ್ಲಿತ್ತು. ಗಂಟೆಗೆ ಎಷ್ಟು ಟನ್ ಎಂಬ ಮಾನದಂಡದಲ್ಲಿ ಅದಕ್ಕಿಂತ ಚೊಕ್ಕಟವಾದ ಏರ್ಪಾಡನ್ನು ಊಹಿಸುವುದು ಕಷ್ಟ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಭದ್ರಾ ನದಿಯ ಹೂಳು, ಪಶ್ಚಿಮಘಟ್ಟದ ಕಾಡು ಇವು ಹಡಗುಕಟ್ಟೆಯ ದಕ್ಷತೆಯ ಸಮೀಕರಣದಲ್ಲಿ ಇರಲಿಲ್ಲ. ಆದರೆ ಆ ವ್ಯವಸ್ಥೆಯ ಆಯುಸ್ಸನ್ನು ಅವೇ ನಿರ್ಧರಿಸಿದವು. ಕಟ್ಟೆಯಲ್ಲಿ ಉಳಿಸಿದ ಗಂಟೆಗಳ ಬೆಲೆಯನ್ನು ಘಟ್ಟದ ಮೇಲೆ ತೆರಲಾಗುತ್ತಿತ್ತು.

ಮಾಪನದಿಂದ ಹೊರಗುಳಿದ ಇನ್ನೊಂದು ಬೆಲೆ ಬಂದರಿನ ನೆಲದ್ದು. ಬಂದರಿಗಾಗಿ ಪಣಂಬೂರು ಪರಿಸರದ ಮನೆ, ಗದ್ದೆಗಳನ್ನು ಬಿಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಪುನರ್ವಸತಿಯ ನಿವೇಶನಗಳು ದೊರೆತವು. ನಿವೇಶನವನ್ನು ಸೆಂಟ್ಸಿನಲ್ಲಿ ಅಳೆದುಕೊಡಬಹುದು. ಆದರೆ ತುಳುನಾಡಿನಲ್ಲಿ ಮನೆಯೆಂದರೆ ದೈವದ ಸ್ಥಾನ, ನಾಗಬನ, ವರ್ಷಾವಧಿಯ ಕೋಲದಲ್ಲಿ ಪ್ರತಿ ಕುಟುಂಬಕ್ಕೆ ಇರುವ ಕರ್ತವ್ಯ ಇವೆಲ್ಲದರ ಕೂಟ. ಒಂದು ಊರು ಏಳುವಾಗ ಈ ಕರ್ತವ್ಯಗಳ ಜಾಲವೂ ಏಳುತ್ತದೆ. ಅದನ್ನು ಮತ್ತೆ ನೆಡಲು ತಗಲುವ ಕಾಲವನ್ನು ಯಾವ ಸೂಚ್ಯಂಕವೂ ಬಂದರಿನ ನಿರ್ಮಾಣ ವೆಚ್ಚಕ್ಕೆ ಸೇರಿಸಿಲ್ಲ.

ನಿಂತುಹೋದ ಯಂತ್ರ

ಅಧಿಕೃತ ಲೆಕ್ಕದಲ್ಲಿ ಇಲ್ಲದ ಈ ಸಂಗತಿಯನ್ನು ಜನಪದ ಕಥನ ತನ್ನ ಕ್ರಮದಲ್ಲಿ ಲೆಕ್ಕಕ್ಕೆ ತಂದಿದೆ. ಬೆನ್ ಯಿಜುವಿನ ಜಾಡು ಹಿಡಿದು ಮಂಗಳೂರಿಗೆ ಬಂದ ಲೇಖಕ ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟವಾದ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಕೃತಿಯಲ್ಲಿ ಇಂತಹ ಒಂದು ಕಥನವನ್ನು ದಾಖಲಿಸಿದ್ದಾರೆ. ಹೊಸ ಬಂದರಿನ ಕಾಮಗಾರಿಯ ಸಂದರ್ಭದಲ್ಲಿ ರಸ್ತೆಗೆ ಅಡ್ಡವಾಗಿದ್ದ ಭೂತದ ಗುಡಿಯನ್ನು ಕೆಡವಲು ಹೋದ ಬುಲ್ಡೋಜರು ಗುಡಿಯ ಮುಂದೆ ಮಿಸುಕಾಡದೆ ನಿಂತಿತೆಂದೂ ಕೊನೆಗೆ ರಸ್ತೆಯೇ ಬಳಸಿಕೊಂಡು ಹೋಗಬೇಕಾಯಿತೆಂದೂ ಅದರ ಸಾರಾಂಶ. ಅಣೆಕಟ್ಟು, ಹೆದ್ದಾರಿ, ಕಾರ್ಖಾನೆಗಳ ನಿರ್ಮಾಣವನ್ನು ಕುರಿತು ಇದೇ ಆಶಯದ ಕಥನಗಳು ಬೇರೆಡೆಗಳಲ್ಲಿಯೂ ಪ್ರಚಲಿತವಾಗಿವೆ.

ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ದೈವದ ಕಾರಣಿಕವೆಂದು ಕೊಂಡಾಡಿ ಮುಗಿಸುವುದೂ ಅಷ್ಟೇ ಸುಲಭ. ಕಥನದ ರಚನೆಯನ್ನು ಗಮನಿಸಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಇಲ್ಲಿ ಯಂತ್ರ ನಾಶವಾಗುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಯಂತ್ರ ಸ್ವಲ್ಪ ಹೊತ್ತು ಕಾಯುತ್ತದೆ. ರಸ್ತೆ ಸ್ವಲ್ಪ ಬಳಸುತ್ತದೆ. ಅಂದರೆ ಕಥನವು ಅಭಿವೃದ್ಧಿಯನ್ನು ತಿರಸ್ಕರಿಸುತ್ತಿಲ್ಲ. ಕಾಯುವ ಸರದಿಯನ್ನು ಅದು ಬದಲಿಸುತ್ತದೆ. ಯೋಜನೆಗಾಗಿ ಯಾವಾಗಲೂ ನೆಲದವರೇ ಕಾಯಬೇಕಾದ ವಾಸ್ತವದಲ್ಲಿ, ಒಮ್ಮೆಯಾದರೂ ಯೋಜನೆ ನೆಲದವರಿಗಾಗಿ ಕಾಯಿತು ಎಂದು ಅದು ಹೇಳುತ್ತದೆ. ದಕ್ಷತೆಯ ವರದಿಯಲ್ಲಿ ಅಂಕಿಯಾಗದ ವೆಚ್ಚವು ಇಲ್ಲಿ ಘಟನೆಯಾಗಿದೆ.

ಬೊಬ್ಬರ್ಯನ ಆರಾಧನೆಯಲ್ಲಿಯೂ ಇಂತಹ ಲೆಕ್ಕಾಚಾರವನ್ನು ಗುರುತಿಸಬಹುದು. ಮುಸ್ಲಿಂ ತಂದೆಗೆ ಹುಟ್ಟಿದವನೆಂದೂ ಕಡಲ ವ್ಯಾಪಾರಿಯಾಗಿ ಕಡಲ ಕಾಳಗದಲ್ಲಿ ಮಡಿದು ದೈವವಾದವನೆಂದೂ ಪಾಡ್ದನದ ಪಾಠಾಂತರಗಳು ಹೇಳುವ ಬೊಬ್ಬರ್ಯನನ್ನು ಮೊಗವೀರರು ಕರಾವಳಿಯುದ್ದಕ್ಕೂ ನಂಬಿಕೊಂಡು ಬಂದಿದ್ದಾರೆ. ಕಡಲ ವ್ಯಾಪಾರದಲ್ಲಿ ಜೀವ ತೆತ್ತವನು ಇಲ್ಲಿ ಮರೆತುಹೋಗುವುದಿಲ್ಲ. ಪ್ರತಿವರ್ಷ ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸಬೇಕು. ನಷ್ಟವನ್ನು ಪುಸ್ತಕದಿಂದ ಹೊಡೆದುಹಾಕದೆ ಬಾಕಿಯಾಗಿ ಉಳಿಸಿಕೊಳ್ಳುವ ಕ್ರಮವಿದು.

ಪಾಲಿನ ಲೆಕ್ಕ

ಇಷ್ಟರಿಂದ ಜನಪದ ಅಳತೆಯೇ ಶ್ರೇಷ್ಠವೆಂದು ಸಾರುವುದು ಅವಸರದ ತೀರ್ಮಾನವಾದೀತು. ಗೇಣಿಯ ಸೇರು ಜನಪದ ಬದುಕಿನ ಒಳಗಿನದೇ ಆಗಿತ್ತು. ಹಳೆಯ ದಕ್ಕೆಯಲ್ಲಿ ಬೆನ್ನ ಮೇಲೆ ಹೊರೆ ಹೊತ್ತ ಹಮಾಲರ ದುಡಿಮೆಯನ್ನು ಹಾಡಿನ ಸೊಗಸಿನಲ್ಲಿ ಮರೆಸುವುದು ಜಾನಪದ ಅಧ್ಯಯನಕ್ಕೆ ಶೋಭಿಸುವುದಿಲ್ಲ. ಕ್ರೇನು ಆ ಹೊರೆಯನ್ನು ಇಳಿಸಿದೆ. ಹೊರೆಯೊಡನೆ ಕೂಲಿಯನ್ನೂ ಇಳಿಸಿದೆ. ಎರಡನ್ನೂ ಒಟ್ಟಿಗೆ ಹೇಳಬೇಕು.

ಈ ಸಂದರ್ಭದಲ್ಲಿ ರಂಪಣಿಯ ಅನುಭವ ಉಪಯುಕ್ತವಾಗಿದೆ. ಹತ್ತಾರು ಮಂದಿ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆಯ ಮೀನು, ಬಲೆಗೆ, ದೋಣಿಗೆ, ಎಳೆದವರಿಗೆ, ದೇವರಿಗೆ ಎಂದು ಪಾಲಾಗುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದಾಗ ತಲಾ ಹಿಡಿತದ ಲೆಕ್ಕದಲ್ಲಿ ಅದು ರಂಪಣಿಯನ್ನು ಮೀರಿಸಿತು. ಕೆಲವೇ ವರ್ಷಗಳಲ್ಲಿ ರಂಪಣಿ ಕೂಟಗಳು ಚದುರಿದವು. ಎಷ್ಟು ಹಿಡಿಯಲಾಯಿತು ಎಂಬುದಕ್ಕೆ ಉತ್ತರ ಸಿಕ್ಕಿತು. ಎಷ್ಟು ಒಲೆಗಳಿಗೆ ಮೀನು ಹೋಯಿತು ಎಂಬುದನ್ನು ಅಳೆಯುವವರಿರಲಿಲ್ಲ. ಪಾಲು ಎಂಬ ಪರಿಕಲ್ಪನೆಯು ಉತ್ಪನ್ನವನ್ನೂ ಹಂಚಿಕೆಯನ್ನೂ ಒಂದೇ ಲೆಕ್ಕದಲ್ಲಿ ಹಿಡಿದಿತ್ತು ಎಂಬುದು ಇಲ್ಲಿ ಮುಖ್ಯ.

ಬಂದರಿನ ದಕ್ಷತೆಯನ್ನೂ ಹೀಗೆ ಎರಡು ಕಡೆಯಿಂದ ಅಳೆಯಲು ತಾಂತ್ರಿಕ ಅಡ್ಡಿಯೇನೂ ಇಲ್ಲ. ಹಡಗು ಕಾದ ಗಂಟೆಗಳಂತೆಯೇ ಬಂದರಿನ ಬಾಗಿಲಲ್ಲಿ ಲಾರಿ ಚಾಲಕರು ಕಾದ ಗಂಟೆಗಳನ್ನೂ ದಾಖಲಿಸಬಹುದು. ಆಫ್ರಿಕದಿಂದ ಬರುವ ಕಚ್ಚಾ ಗೇರುಬೀಜ ತಡವಾದಾಗ ಕಾರ್ಖಾನೆಯ ಹೆಂಗಸರು ಕಳೆದುಕೊಳ್ಳುವ ಕೆಲಸದ ದಿನಗಳನ್ನು ಎಣಿಸಬಹುದು; ಸರಕು ಬೇಗ ಇಳಿದಾಗ ಆ ದಿನಗಳು ಅವರಿಗೆ ಮರಳಿದವೇ ಎಂದೂ ನೋಡಬಹುದು. ಲಕ್ಷ ಟನ್ ಸರಕಿಗೆ ಎಷ್ಟು ಕುಟುಂಬಗಳ ಜೀವನೋಪಾಯ ನಡೆಯುತ್ತದೆ, ನೆಲ ಬಿಟ್ಟವರ ಮುಂದಿನ ತಲೆಮಾರು ಎಲ್ಲಿ ನಿಂತಿದೆ ಎಂಬುದಕ್ಕೂ ಅಂಕಿ ದೊರಕಿಸಬಹುದು. ಬಂದರು ವಿಸ್ತರಣೆಯ ವಿರುದ್ಧ 2020ರ ಜನವರಿಯಲ್ಲಿ ಕಾರವಾರದ ಮೀನುಗಾರರು ಬೀದಿಗಿಳಿದಾಗ ಅವರು ಎತ್ತಿದ್ದು ಮೂಲತಃ ಈ ಪ್ರಶ್ನೆಯನ್ನೇ. ದೋಣಿ ಇಳಿಸುವ, ಬಲೆ ಒಣಗಿಸುವ ಮರಳದಂಡೆಗೆ ಯೋಜನೆಯ ಲೆಕ್ಕದಲ್ಲಿ ಬೆಲೆಯೆಷ್ಟು ಎಂದು ಅವರು ಕೇಳುತ್ತಿದ್ದರು. ಅಂತಹ ಪ್ರತಿಭಟನೆಯನ್ನು ದಕ್ಷತೆಗೆ ಒದಗಿದ ಅಡಚಣೆಯೆಂದು ದಾಖಲಿಸುವುದಕ್ಕಿಂತ, ಅಳತೆಯಲ್ಲಿ ಬಿಟ್ಟುಹೋದ ಒಂದು ಪದವನ್ನು ಸೇರಿಸಲು ಬಂದ ಸೂಚನೆಯೆಂದು ಓದುವುದು ಉಚಿತ.

ಒಟ್ಟಿನಲ್ಲಿ, ಬಂದರಿನ ದಕ್ಷತೆಯ ಇಂದಿನ ಮಾಪನಗಳು ತಾವು ಅಳೆಯುವುದನ್ನು ಬಹುಮಟ್ಟಿಗೆ ಸರಿಯಾಗಿಯೇ ಅಳೆಯುತ್ತವೆ. ಅವುಗಳ ಕೊರತೆ ಇರುವುದು, ಕಡಲಿನ ಕಡೆಯಿಂದ ಅಳೆದದ್ದನ್ನು ಇಡೀ ಬಂದರಿನ ಅಳತೆಯೆಂದು, ಮುಂದುವರಿದು ನಾಡಿನ ಏಳಿಗೆಯ ಅಳತೆಯೆಂದು ಮುಂದಿಡುವಲ್ಲಿ. ಮುಡಿಯ ಜೊತೆಗೆ ಸೇರನ್ನು, ಹಿಡಿದ ಮೀನಿನ ಜೊತೆಗೆ ಪಾಲನ್ನು, ಹೊಸ ರಸ್ತೆಯ ಜೊತೆಗೆ ಅದು ಬಳಸಿಹೋದ ಗುಡಿಯನ್ನು ನೆನಪಿಟ್ಟುಕೊಂಡ ಸಮಾಜವೊಂದು ಈ ಕರಾವಳಿಯಲ್ಲಿದೆ. ಅದರ ಕಥನಗಳನ್ನು ಸಂಗ್ರಹಿಸಿ ಸಂಪುಟಗಳಲ್ಲಿ ಮುದ್ರಿಸುವ ಕೆಲಸ ಸಾಕಷ್ಟು ನಡೆದಿದೆ. ಆ ಕಥನಗಳು ಕೇಳುವ ಪ್ರಶ್ನೆಗಳನ್ನು ಬಂದರಿನ ಯೋಜನಾ ವರದಿಗಳ ಎದುರಿಗೆ ಇಡುವ ಕೆಲಸ ಜಾನಪದ ಅಧ್ಯಯನದ ಪಾಲಿಗೆ ಇನ್ನೂ ಬಾಕಿಯಿದೆ.